ಎಂಬತ್ತೆರಡು ಕಿಲೋ ಬೆಲ್ಲ

ಕಡಲಿಗೆ ಇನ್ನೂ ಉಪ್ಪು ಹತ್ತದಿದ್ದ ಕಾಲದಲ್ಲಿ, ಹೊಳೆದಂಡೆಯ ಒಂದು ಮನೆಗೆ ತಿಂಗಳಿಗೊಮ್ಮೆ ಒಂದು ಹಕ್ಕಿ ಬರುತ್ತಿತ್ತಂತೆ. ಏಳು ನೀರು ದಾಟಿ ಬಂದು, ತುಳಸಿಕಟ್ಟೆಯ ಮೇಲೆ ಒಂದು ಬಂಗಾರದ ಭತ್ತ ಇಟ್ಟು, ಗುಟುಕು ನೀರನ್ನೂ ಕುಡಿಯದೆ ತಿರುಗಿ ಹೋಗುತ್ತಿತ್ತಂತೆ. ಮೊದಲ ವರ್ಷ ಮನೆಯವರು ಹಕ್ಕಿಯನ್ನೂ ನೋಡಿದರು, ಭತ್ತವನ್ನೂ ನೋಡಿದರು. ಎರಡನೆಯ ವರ್ಷ ಭತ್ತವನ್ನಷ್ಟೇ ನೋಡಿದರು. ಹತ್ತನೆಯ ವರ್ಷಕ್ಕೆ, ಭತ್ತ ಬೀಳುವ ದಿನ ಯಾವುದೆಂದು ಬೆರಳು ಮಡಚಿ ಕಾದರು. ಹೀಗಿರಲಾಗಿ ಒಂದು ತಿಂಗಳು ಭತ್ತವೇನೋ ಬಿತ್ತು. ಆದರೆ ಅಂಗಳದಲ್ಲಿ ಹಾದು ಹೋದ ನೆರಳು ಆ ಹಕ್ಕಿಯದಾಗಿರಲಿಲ್ಲ.

“ಆಮೇಲ್ ಎಂತ ಆಯ್ತ್ ಅಜ್ಜಿ?” ಎಂದು ನಿಖಿತಾ ಕೇಳಿದಾಗಲೆಲ್ಲ ಸುಂದರಿ ಮೊಮ್ಮಗಳ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಿಡುತ್ತಿದ್ದರು.

“ನಂಗ್ ಗೊತ್ತಿಪ್ದ್ ಅಷ್ಟೇ. ಮುಂದಿಂದ್ ನಮ್ಮಬ್ಬಿಗೂ ಗೊತ್ತಿರ್ಲಿಲ್ಲ. ಉಣ್ ಹೆಣೆ.”

ಬಸ್ರೂರಿನ ಆ ಮನೆಯಲ್ಲಿ ಕಥೆಗೆ ಕಿವಿಗೊಡದವಳೆಂದರೆ ಸೊಸೆ ಸ್ವರ್ಣಲತಾ. ಅವಳಿಗೆ ದನಕ್ಕೆ ಹುಲ್ಲು ತರುವುದಿತ್ತು, ಒಲೆಗೆ ತೆಂಗಿನ ಗರಿ ಸೀಳುವುದಿತ್ತು, ಮಗಳ ಯೂನಿಫಾರ್ಮು ಒಗೆಯುವುದಿತ್ತು. ಹಕ್ಕಿಯ ಹೆಂಡತಿಗೆ ಹಕ್ಕಿಯ ಕಥೆ ಕೇಳಲು ಪುರುಸೊತ್ತೆಲ್ಲಿ?

ಅವಳ ಗಂಡ ಸುಧಾಕರ ಮುಂಬಯಿಯ ಹೋಟೆಲಿನಲ್ಲಿ ಅಡಿಗೆಗಿದ್ದವನು. ೧೯೯೭ರಲ್ಲಿ, ನಿಖಿತಾ ಅಂಬೆಗಾಲಿಡುತ್ತಿದ್ದಾಗ, ಶಾರ್ಜಾಕ್ಕೆ ಹೋದ. ಕಟ್ಟಡ ಕಟ್ಟುವ ಒಂದು ಕಂಪನಿಯ ಕ್ಯಾಂಪಿನಲ್ಲಿ ಇನ್ನೂರು ಜನರಿಗೆ ಅನ್ನ ಬೇಯಿಸುವ ಕೆಲಸ. ಮೊದಮೊದಲು ಹಣ ರಿಜಿಸ್ಟರ್ ಲಕೋಟೆಯಲ್ಲಿ ಡ್ರಾಫ್ಟಾಗಿ ಬರುತ್ತಿತ್ತು. ಪೋಸ್ಟಿನ ಬಚ್ಚ ಗದ್ದೆಯಂಚಿನಿಂದಲೇ ಸೈಕಲ್ ಗಂಟೆ ಬಾರಿಸುತ್ತ ಬಂದು, ಸಹಿ ಹಾಕಿಸಿ, ಚಾ ಕುಡಿದು, ಹತ್ತು ರೂಪಾಯಿ ಇಸಿದುಕೊಂಡೇ ಜಗಲಿ ಇಳಿಯುತ್ತಿದ್ದ. ಆ ಕಾಗದ ಕುಂದಾಪುರದ ಬ್ಯಾಂಕಿನಲ್ಲಿ ಹಣವಾಗಲು ಮತ್ತೆ ಮೂರು ವಾರ. ಎರಡು ತಿಂಗಳಿಗೊಮ್ಮೆ ನಾಲ್ಕು ಸಾವಿರ. ಬರಬರುತ್ತ ಬಚ್ಚನ ಗಂಟೆ ನಿಂತಿತು. ಫೋನಿನಲ್ಲಿ ಒಂದು ಗುಟ್ಟಿನ ನಂಬರು ಹೇಳಿದರೆ ಅದೇ ದಿನ ಪೇಟೆಯ ಕೌಂಟರಿನಲ್ಲಿ ನೋಟು ಎಣಿಸಿ ಕೊಡುವ ಕಾಲ ಬಂತು. ತಿಂಗಳಿಗೆ ಎಂಟು ಸಾವಿರವಾಯಿತು, ೨೦೦೮ಕ್ಕೆ ಹದಿನೈದಾಯಿತು. ಹಂಚಿನ ಮಾಡು ಹೋಗಿ ಸ್ಲ್ಯಾಬು ಬಂತು. ಬಾವಿಗೆ ಪಂಪು ಬಂತು. ಮೈದುನ ರಾಘವೇಂದ್ರನಿಗೆ ರಿಕ್ಷಾ ಬಂತು. ಸುಧಾಕರ ಮಾತ್ರ ಹನ್ನೆರಡು ವರ್ಷಗಳಲ್ಲಿ ನಾಲ್ಕೇ ಸಲ ಬಂದ, ಸಲಕ್ಕೆ ಎರಡು ತಿಂಗಳು.

ಹಣ ಕಡಿಮೆ ಬಂದ ಕಾಲವೂ ಇತ್ತು. ೨೦೦೩ರ ಮಳೆಗಾಲದಲ್ಲಿ ನಾಲ್ಕು ತಿಂಗಳು ಒಂದೇ ಸಮನೆ ಎರಡೆರಡು ಸಾವಿರ ಕಮ್ಮಿ. ಸ್ವರ್ಣಲತಾ ಫೋನಿನಲ್ಲಿ ಕೇಳಿಯೇ ಬಿಟ್ಟಿದ್ದಳು. “ಎಂತ, ಅಲ್ಲೊಂದ್ ಬೇರೆ ಸಂಸಾರ ಇತ್ತಾ?” ಆ ಕಡೆಯಿಂದ ಸುಧಾಕರ ನಕ್ಕಿದ್ದ. “ಇತ್ತಲ್ದಾ. ಏಳ್ ಜನ್ರದ್ದ್.” ಆ ನಗೆಗೇ ಸಿಟ್ಟು ಬಂದು ಅವಳು ಮೂರು ಶುಕ್ರವಾರ ಫೋನು ಎತ್ತಿರಲಿಲ್ಲ.

ಮತ್ತೊಂದು ಸಂಗತಿ ಬಾಕಿ ಇತ್ತು, ಹರಕೆ. ವೀಸಾ ಬಾರದೆ ಸುಧಾಕರ ಏಳು ತಿಂಗಳು ಕಾದು ಕೂತಿದ್ದಾಗ ಸುಂದರಿ ಕುಂಭಾಶಿಗೆ ನಡೆದೇ ಹೋಗಿ, ಆನೆಗುಡ್ಡೆ ವಿನಾಯಕನ ಎದುರು ನಿಂತು, ಮಗನ ಕೆಲಸವಾದರೆ ಅವನ ತೂಕದ ಬೆಲ್ಲ ನಿನಗೆ ಎಂದು ಹೇಳಿಕೊಂಡು, ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದ್ದರು. ವೀಸಾ ಹದಿನೈದು ದಿನದಲ್ಲಿ ಬಂತು. ತುಲಾಭಾರ ಆಗಲಿಲ್ಲ. ಮೊದಲ ರಜೆಯಲ್ಲಿ ಸೂತಕ ಅಡ್ಡ ಬಂತು, ಎರಡನೆಯದರಲ್ಲಿ ರಿಕ್ಷಾ, ಮೂರನೆಯದರಲ್ಲಿ ಸ್ಲ್ಯಾಬು. ೨೦೦೬ರಲ್ಲಿ ಬಂದಾಗ ಸುಧಾಕರ ರೈಲ್ವೆ ಸ್ಟೇಷನ್ನಿನ ತೂಕದ ಮೆಷಿನ್ನಿನ ಮೇಲೆ ನಿಂತು ಚೀಟಿ ತೆಗೆದು ತಾಯಿಗೆ ಕೊಟ್ಟಿದ್ದ. ಎಂಬತ್ತೆರಡು ಕಿಲೋ.

“ಈಗ್ಳ್ ಬ್ಯಾಡ ಅಮ್ಮ, ಬೆಲ್ಲದಂಗಡಿಯವ್ನ್ ಉದ್ಧಾರ ಆತ. ಮುಂದಿನ್ ಸಲ ಸಪೂರ ಆಯಿ ಬತ್ತೆ.”

ಸುಂದರಿ ಆ ಚೀಟಿಯನ್ನು ಮುಡಿಪಿನ ಗಂಟಿನ ಜೊತೆಗೇ ಇಟ್ಟರು.

೨೦೦೯ರ ಆಸಾಡಿ ಅಮಾಸೆ ಕಳೆದ ಮೇಲೆ ಎರಡು ಶುಕ್ರವಾರ ಸುಧಾಕರನ ಫೋನು ಬರಲಿಲ್ಲ. ಮೂರನೆಯ ಶುಕ್ರವಾರ ಸ್ವರ್ಣಲತಾ ಹಿತ್ತಿಲಲ್ಲಿ ಬಂಗುಡೆ ಕೊಯ್ಯುತ್ತಿದ್ದಾಗ ಕಿಟಕಿಯ ದಳಿಯ ಮೇಲಿದ್ದ ಮೊಬೈಲು ಹೊಡೆದುಕೊಂಡಿತು. ಕೈ ಸೆರಗಿಗೆ ಒರೆಸಿಕೊಂಡು ಎತ್ತಿದಳು. ಗುರುತಿಲ್ಲದ ಗಂಡಸಿನ ದನಿ.

“ಅತ್ತಿಗೆ, ನಾನ್ ಗಣಪ, ಬೈಂದೂರಿನವ. ಸುಧಾಕರಣ್ಣನ್ ರೂಮಿನವ. ನಂಬರ್ ಬರ್ಕಣಿ.”

“ಅವ್ರೆಲ್ಲಿದ್ರ್?”

“ದೂರ ಸೈಟಿಗ್ ಹೋಯಿರ್. ಅಲ್ಲಿ ಟವರ್ ಸಿಕ್ಕುದಿಲ್ಲೆ.”

“ಅಡಿಗಿ ಮಾಡುವವ್ರಿಗ್ ಎಂತ ಸೈಟ್?”

ಆ ಕಡೆ ಯಾರೋ ಕೆಮ್ಮಿದರು. “ನಂಬರ್ ಬರ್ಕಣಿ ಅತ್ತಿಗೆ. ಕೌಂಟರಂಗೆ ಕೇಂಡ್ರೆ ಕಳ್ಸದ್ದ್ ಗಣಪ ಅಂದೇಳಿ ಹೇಳಿ.”

ಕುಂದಾಪುರದ ಕೌಂಟರಿನಲ್ಲಿ ಪ್ರೇಕ್ಷಾ ಎಂಬ ಹುಡುಗಿ ಇದ್ದಳು, ಬಾಯಿಬಡುಕಿ. ಫಾರಮನ್ನು ಇತ್ತ ತಳ್ಳಿದಳು. “ಅಕ್ಕ, ಕಳ್ಸಿದವ್ರ್ ನಿಮ್ಗೆ ಎಂತ ಆಯ್ಕ್? ಅಲ್ಲಿ ಬರಿಕ್.”

ಸ್ವರ್ಣಲತಾ ಪೆನ್ನು ಹಿಡಿದು ನಿಂತಳು. ಹಿಂದೆ ಸಾಲಿತ್ತು. ಕೊನೆಗೆ ‘ತಮ್ಮ’ ಎಂದು ಬರೆದಳು.

ಹತ್ತು ಸಾವಿರ ಬಂದಿತ್ತು. ಮನೆಗೆ ಬಂದು ಹಣವನ್ನು ಯಾವತ್ತಿನಂತೆ ದೇವರ ಹಲಗೆಯ ಮೇಲಿಟ್ಟಳು. ಸುಂದರಿ, “ಮಗ ಎಂತ ಅಂದ?” ಎಂದು ಕೇಳಿದರೆ, “ಉಂಡ್ಯಾ ಕೇಂಡ್ರ್” ಎಂದಳು. ಹೇಳಿದ ಸುಳ್ಳು ಸಣ್ಣದಾದರೂ ಅಂದು ಸಾರಿಗೆ ಉಪ್ಪು ಹಾಕುವುದು ಮರೆತೇ ಹೋಯಿತು.

ಸೆಪ್ಟೆಂಬರಿನಲ್ಲಿ ಫೋನು ಮಾಡಿದವನು ಬೇರೆ. “ನಾನ್ ಐತ. ಬ್ರಹ್ಮಾವರದವ. ಸುಧಾಕರಣ್ಣ ಅರಾಮ್ ಇದ್ರ್, ಮಾತಾಡುಕ್ ಪುರ್ಸೊತ್ತಿಲ್ಲೆ.” ಫಾರಮಿನಲ್ಲಿ ಅವಳು ‘ಅಣ್ಣ’ ಎಂದು ಬರೆದಳು. ಪ್ರೇಕ್ಷಾ ನೋಟು ಎಣಿಸುತ್ತ ನಕ್ಕಳು. “ಗಲ್ಫಂಗೆ ನಿಮ್ಮವ್ರ್ ಸುಮಾರ್ ಜನ ಇದ್ರಲ್ದಾ ಅಕ್ಕ. ಪುಣ್ಯ ಮಾಡಿದ್ರಿ.”

ಆ ದಿನ ಊಟಕ್ಕೆ ಕೂತಾಗ ರಾಘವೇಂದ್ರ ರಿಕ್ಷಾ ಸ್ಟ್ಯಾಂಡಿನ ಸುದ್ದಿಯನ್ನು ಅನ್ನದ ಜೊತೆ ಕಲಸಿದ.

“ದುಬೈಯಂಗೆ ಕಂಪನಿಗಳೆಲ್ಲ ಬಾಗ್ಲ್ ಹಾಕ್ತಾ ಇದ್ವಂಬ್ರ್. ಸಾಹೇಬರ್‌ಗಳ್ ಕಾರನ್ನ್ ಏರ್‌ಪೋರ್ಟಂಗೇ ಬಿಟ್ಟಿಕ್ ಓಡ್ತಾ ಇದ್ರಂಬ್ರ್.”

“ಕಾರಿದ್ದವ್ರ್ ಓಡ್ಲಿ. ನಮ್ಮವ್ನಿಗೆ ಸೌಟ್ ಇಪ್ದ್” ಎಂದರು ಸುಂದರಿ.

“ಅದಲ್ಲ ಅಮ್ಮ. ಕೋಡಿಯಂಗೆ ಒಬ್ರ ಮನಿಗೆ ಮೂರ್ ತಿಂಗ್ಳ್ ದುಡ್ಡ್ ಸಮಾ ಬಂತಂಬ್ರ್. ನಾಕನೇ ತಿಂಗ್ಳ್ ಪೆಟ್ಗಿ ಬಂತ್. ಜನ ಸತ್ತ್ ಮೂರ್ ತಿಂಗ್ಳ್ ಆಗಿತ್ತಂಬ್ರ್. ಕಾಗ್ದಪತ್ರ ಆಪಲ್ಲಿವರಿಗ್ ರೂಮಿನವ್ರೇ ದುಡ್ಡ್ ಹಾಕಿ ಕಳ್ಸದ್ದ್.”

ಸ್ವರ್ಣಲತಾ ಎತ್ತಿದ ತುತ್ತನ್ನು ಬಟ್ಟಲಿಗೇ ಇಟ್ಟಳು. ನಿಖಿತಾ ತಾಯಿಯ ಮುಖ ನೋಡಿದಳು.

“ಉಂಬತ್ತಿಗೆ ಪೆಟ್ಗಿ ಸುದ್ದಿ ಹೇಳ್ತಾ, ನಾಚ್ಕಿಲ್ಲದವ” ಎಂದು ಸುಂದರಿ ಮಗನಿಗೆ ಗದರಿದರು. ಆದರೆ ಕೈ ತೊಳೆದವರೇ ಪೆಟ್ಟಿಗೆಯ ಅಡಿಯಿಂದ ಮುಡಿಪಿನ ಗಂಟು ಹೊರತೆಗೆದರು. ತೂಕದ ಚೀಟಿಯನ್ನು ಬೆಳಕಿಗೆ ಹಿಡಿದರು.

“ಲತಾ, ಈ ತಿಂಗ್ಳಿಂದ ಬೆಲ್ಲ ತೆಗುಕ್ ಶುರು ಮಾಡ್ತೆ. ಹನ್ನೆರ್ಡ್ ವರ್ಷ ದೇವ್ರಿಗ್ ನಾಳೆ ಅಂದದ್ದ್ ಸಾಕ್.”

“ಅತ್ತೆ, ಶಾಲಿ ಫೀಸ್ ಕಟ್ಟುಕಿತ್ತ್.”

“ಶಾಲಿ ಕಾಯತ್ತ್. ಅವ ಕಾಯುದಿಲ್ಲ.”

“ಹನ್ನೆರ್ಡ್ ವರ್ಷ ಕಾದವ ಇನ್ನೆರ್ಡ್ ತಿಂಗ್ಳ್ ಕಾಯ್ದಿದ್ರೆ ಎಂತ ದೇವ್ರ್ ಅದ್?”

ಅತ್ತೆ ಸೊಸೆ ಆಮೇಲೆ ಎರಡು ದಿನ ದನದ ಮೂಲಕ ಮಾತಾಡಿದರು. “ಹ್ವಾಯ್ ಗೌರಿ, ಚಾ ಆರಿ ಹೋತ್ತ್ ಅಂದ್ ಹೇಳ್ ಕಾಂಬ” ಎಂದು ಒಬ್ಬರು. “ಗೌರಿ, ನಂಗ್ ಚಾ ಬ್ಯಾಡ” ಎಂದು ಇನ್ನೊಬ್ಬರು.

ಬೆಲ್ಲ ಮಾತ್ರ ಬಂತು. ರಾಘವೇಂದ್ರನ ರಿಕ್ಷಾದಲ್ಲಿ ಒಮ್ಮೆ ಹತ್ತು ಕಿಲೋ, ಒಮ್ಮೆ ಹದಿನೈದು. ಒಳಕೋಣೆಯಲ್ಲಿ ಉದ್ದ ಹಲಗೆ ಹಾಕಿ, ಸುತ್ತ ಇರುವೆಗೆ ಅರಿಶಿನ ಎಳೆದು, ಸುಂದರಿ ಅಚ್ಚುಗಳನ್ನು ಸಾಲಾಗಿ ಜೋಡಿಸಿದರು. ಮೇಲೆ ಮುಚ್ಚಲು ಸುಧಾಕರನ ಬಿಳಿ ಪಂಚೆ. ಬೆಲ್ಲ ಬೆಳೆದಂತೆ ಪಂಚೆಯ ಕೆಳಗೆ ಒಬ್ಬ ಮನುಷ್ಯ ಬೆಳೆಯತೊಡಗಿದ. ಅಕ್ಕಿ ತೆಗೆಯಲು ಆ ಕೋಣೆಗೆ ಹೋಗಲೇಬೇಕು. ಸ್ವರ್ಣಲತಾ ಕಣ್ಣು ಅತ್ತ ಹಾಯಿಸದೆ ಗೋಡೆ ಹಿಡಿದು ಹೋಗಿ ಬರುತ್ತಿದ್ದಳು. ಒಂದು ದಿನ ನಿಖಿತಾ ಬಾಗಿಲಲ್ಲೇ ನಿಂತುಬಿಟ್ಟಳು.

“ಅಮ್ಮ, ನಂಗ್ ಒಳಗ್ ಹೋಪುಕ್ ಹೆದ್ರಿಕಿ ಆತ್ತ್. ಯಾರೋ ಮಲ್ಕಂಡಾಂಗ್ ಕಾಣತ್ತ್.”

“ಬೆಲ್ಲ ಅದ್, ಹುಚ್ಚಿ.”

ಸಂಜೆ ದೀಪ ಹಚ್ಚುವಾಗ ಸ್ವರ್ಣಲತಾ ಪಂಚೆಯನ್ನು ಎಳೆದು ತೆಗೆದು ಗೋಣಿಚೀಲ ಹೊದಿಸಿದಳು. ಬೆಳಿಗ್ಗೆ ನೋಡಿದರೆ ಮತ್ತೆ ಪಂಚೆಯೇ ಇತ್ತು.

ಅಕ್ಟೋಬರಿನಲ್ಲಿ ಮೂರನೆಯವನು ಫೋನು ಮಾಡಿದ, ಹೆಸರು ಮನೀಶ್. ದನಿ ಎಳೆಯದು, ಬಾಯಿಪಾಠ ಒಪ್ಪಿಸಿದಂತೆ ಮಾತು. ಸ್ವರ್ಣಲತಾ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು, ಪೇಟೆಗೆ ಹೋಗಲಿಲ್ಲ. ಮೂರು ತಿಂಗಳು, ಮೂರು ಹೆಸರು. ಕೋಡಿಯ ಮನೆಯ ಲೆಕ್ಕಕ್ಕೆ ಇನ್ನು ಉಳಿದದ್ದು ನಾಲ್ಕನೆಯದು. ಮರುದಿನ ಬೆಳಿಗ್ಗೆ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಬೈಂದೂರಿನ ಬಸ್ಸು ಹತ್ತಿದಳು.

ಗಲ್ಫಿನ ಗಣಪನ ಮನೆ ಎಂದು ರಿಕ್ಷಾದವರನ್ನು ಕೇಳಿದರೆ ಸಾಕಾಯಿತು. ಕಡಲಿನ ಬದಿಗೆ, ಅರ್ಧ ಕಟ್ಟಿ ನಿಲ್ಲಿಸಿದ ಮನೆ. ಗಿಲಾವು ಕಾಣದ ಗೋಡೆಯಿಂದ ಕಬ್ಬಿಣದ ಸರಳುಗಳು ಹೊರಗೆ ಇಣುಕುತ್ತಿದ್ದವು. ಗಣಪನ ಹೆಂಡತಿ ರಮಿತಾ ಚಿಕ್ಕವಳು, ಸೊಂಟದಲ್ಲಿ ಮಗು. ಗಣಪನ ತಾಯಿ ಜಗಲಿಯಲ್ಲಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಗಣಪನ ರೂಮಿನವರ ಮನೆಯವಳು ಎಂದದ್ದೇ ತಡ, ಚಾ ಬಂತು, ಚಾದ ಜೊತೆ ದೂರೂ ಬಂತು.

“ನಿಮ್ಮನಿಗೆ ದುಡ್ಡ್ ಸಮಾ ಬತ್ತಾ ಮಗಾ?” ಎಂದು ಮುದುಕಿ ಕೇಳಿದರು. “ನಮ್ಮವ್ನ್ ಆಗಸ್ಟಂಗೆ ಎರ್ಡ್ ಸಾವ್ರ ಕಳ್ಸಿದ್ದ. ಎರ್ಡೇ. ಹನ್ನೆರ್ಡ್ ಕಳ್ಸುವವ. ಸಿಮೆಂಟಿನವ್ನ್ ದಿನಾ ಬಂದ್ ಕೂಕಂತ. ಕೇಂಡ್ರೆ ಹೇಳುದಿಲ್ಲೆ. ಅಲ್ಲಿ ಯಾರನ್ನೋ ಇಟ್ಕಂಡಿದ್ದ, ಮತ್ತೆಂತ.”

“ಅತ್ತೆ, ಬಂದವ್ರ್ ಎದ್ರ್ ಹಾಂಗ್ ಹೇಳ್ಬೇಡಿ” ಎಂದಳು ರಮಿತಾ. ಅವಳ ಕಣ್ಣು ಆಗಲೇ ತುಂಬಿತ್ತು.

ಸ್ವರ್ಣಲತಾ ಚಾದ ಲೋಟ ಕೆಳಗಿಟ್ಟಳು. ಲೋಟ ನೆಲಕ್ಕೆ ತಾಗಿ ಸದ್ದಾಯಿತು. ಹನ್ನೆರಡರಲ್ಲಿ ಎರಡು ಹೋದರೆ ಹತ್ತು. ಆ ಹತ್ತರಲ್ಲಿ ಅವಳ ಮನೆಯಲ್ಲಿ ಬಂಗುಡೆ ಬಂದಿತ್ತು, ಅಕ್ಕಿ ಬಂದಿತ್ತು. ಹೇಳದೆ ಎದ್ದು ಹೋಗಬಹುದಿತ್ತು. ಬಸ್ಸು ಅರ್ಧ ಗಂಟೆಗೊಂದಿತ್ತು.

“ಅವ್ರ್ ಯಾರನ್ನೂ ಇಟ್ಕಂಬ್ಲಿಲ್ಲ ಅಮ್ಮ. ಆ ದುಡ್ಡ್ ನಮ್ಮನಿಗ್ ಬಂತ್.”

ಮುದುಕಿಯ ಬೆರಳಲ್ಲಿ ಸುಣ್ಣ ಹಾಗೇ ನಿಂತಿತು. ರಮಿತಾ ಒಳಗಿನಿಂದ ಫೋನು ತಂದು, ನಂಬರು ಒತ್ತಿ, ಸ್ಪೀಕರ್ ಹಾಕಿ ಮೂವರ ನಡುವೆ ಇಟ್ಟಳು.

“ಕಾಣಿ, ಇಲ್ಲಿ ಬಸ್ರೂರಿನ ಸುಧಾಕರಣ್ಣನ್ ಮನಿಯವ್ರ್ ಬಂದ್ ಕೂಕಂಡಿದ್ರ್. ಸುಳ್ಳ್ ಹೇಳುಕಾಗ. ನಿಮ್ಮಬ್ಬಿಯೂ ಕೇಂತಾ ಇದ್ರ್.”

ಫೋನಿನಲ್ಲಿ ಯಂತ್ರದ ಗುಂಯ್ ಸದ್ದು ಕೇಳಿಸುತ್ತಿತ್ತು. ಗಣಪ ಯಂತ್ರದಿಂದ ದೂರ ಸರಿದು ಹೇಳಿದ. ಜೂನಿನಲ್ಲಿ ಕಂಪನಿ ಮುಚ್ಚಿತು. ಮಾಲೀಕ ಊರು ಬಿಟ್ಟ. ಪಾಸ್‌ಪೋರ್ಟುಗಳು ಅವನ ಕಪಾಟಿನಲ್ಲಿ, ಕಪಾಟಿನ ಬೀಗ ಕೋರ್ಟಿನಲ್ಲಿ. ಕಬ್ಬಿಣ ಕಟ್ಟುವವರು, ಗಾರೆಯವರು ಅಲ್ಲಿ ಇಲ್ಲಿ ದಿನಗೂಲಿಗೆ ಸೇರಿಕೊಂಡರು. ಕ್ಯಾಂಪೇ ಇಲ್ಲದ ಮೇಲೆ ಅಡಿಗೆಯವನಿಗೆ ಕೆಲಸ ಎಲ್ಲಿ? ಜೊತೆಗೆ ಹೊಟ್ಟೆಹುಣ್ಣು. ಕಾಗದವಿಲ್ಲದ ಜನ ಆಸ್ಪತ್ರೆಗೆ ಹೋದರೆ ಪೊಲೀಸರ ಭಯ. ಊರಿಗೆ ಕಳಿಸುವ ಔಟ್‌ಪಾಸಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ.

“ಮತ್ತೆ ದುಡ್ಡ್?” ಎಂದು ಕೇಳಿದಳು ಸ್ವರ್ಣಲತಾ.

“ಅದ್ ರೂಮಿನ್ ಕಟ್ಲಿ ಅತ್ತಿಗೆ. ಎಂಟ್ ಜನ ಇದ್ದಲ್ಲಿ ಒಬ್ಬನ್ ಕೆಲ್ಸ ಹೋದ್ರೆ ಉಳಿದೇಳ್ ಜನ ಸರದಿಯಂಗೆ ಅವ್ನ್ ಮನಿಗ್ ಕಳ್ಸುಕ್. ಊರಂಗೆ ಯಾರಿಗೂ ಹೇಳುಕಾಗ. ಹೇಳ್ರೆ ಮನಿಯವ್ರ್ ಬಿಡುದಿಲ್ಲೆ ಅಲ್ದಾ? ಈ ಕಟ್ಲಿ ಮಾಡದ್ದೇ ಸುಧಾಕರಣ್ಣ. ಎರ್ಡ್ ಸಾವ್ರದ್ ಮೂರ್ರ ಮಳಿಗಾಲದಂಗೆ ನಾನ್ ಕಾಲ್ ಮುರ್ಕಂಡ್ ಬಿದ್ದಾಗ ನಮ್ಮನಿ ಒಲಿ ಉರ್ಸದ್ದ್ ಯಾರ್ ಅಂದ್ಕಂಡ್ರಿ?”

ಎಲೆ ಸುಣ್ಣ ಬದಿಗಿಟ್ಟು ಗಣಪನ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಸ್ವರ್ಣಲತಾಳಿಗೆ ಮೂರು ಶುಕ್ರವಾರ ಹೊಡೆದುಕೊಂಡೇ ನಿಂತ ಫೋನಿನ ನೆನಪಾಯಿತು.

“ಅವ್ರ್ ಹತ್ರ ಫೋನ್ ಕೊಡಿ. ಒಂದ್ ಮಾತ್ ಸಾಕ್.”

“ಈಗ್ಳ್ ಔಟ್‌ಪಾಸ್ ಸಾಲಂಗೆ ನಿಂತಿರ್ ಅತ್ತಿಗೆ.”

“ಬಂದ್ ಕೂಡ್ಲೇ ಫೋನ್ ಮಾಡ್ಸಿ.”

“ಫೋನ್ ಕೈಗ್ ಕೊಟ್ರೆ ಮಾತೇ ಹೊರ್ಡುದಿಲ್ಲೆ ಅವ್ರಿಗೆ. ದನಿ ಕೇಂಡ್ರೆ ಅಬ್ಬಿಗ್ ಗೊತ್ತಾತ್ತ್ ಅಂಬ್ರ್.”

ಹೊರಡುವಾಗ ಮುದುಕಿ ಒಂದು ಚೀಲ ಒಣಮೀನು ಕಟ್ಟಿಕೊಟ್ಟರು. ಬೇಡವೆಂದರೂ ಬಿಡಲಿಲ್ಲ.

ಬಸ್ರೂರಿನಲ್ಲಿ ಆ ಸಂಜೆ ಒಲೆ ಹೊತ್ತಿಸುವ ಮೊದಲೇ ಸ್ವರ್ಣಲತಾ ಎಲ್ಲವನ್ನೂ ಹೇಳಿದಳು. ಸುಂದರಿ ಅಳಲಿಲ್ಲ. ಒಳಕೋಣೆಯ ಬಾಗಿಲಿಗೆ ಹೋಗಿ ನಿಂತರು.

“ಹಾಂಗಾರೆ ಈ ಬೆಲ್ಲ ನನ್ ಮಗನ್ ದುಡ್ಡಿಂದಲ್ಲ.”

“ಅಲ್ಲ ಅತ್ತೆ. ಮನೀಶ್ ಕಳ್ಸಿದ್ ದುಡ್ಡ್ ಕೌಂಟರಂಗೇ ಇತ್ತ್. ಅದ್ ನಂಗ್ ಬ್ಯಾಡ. ವಾಪಾಸ್ ತೆಕಂಬುಕೆ ಹೇಳ್ತೆ.”

ರಾಘವೇಂದ್ರ ಹಾರಿ ಬಿದ್ದ. “ಬಂದ್ ದುಡ್ಡ್ ಬ್ಯಾಡ ಅಂಬವ್ರ್ ಇದ್ರಾ ಅತ್ತಿಗೆ? ಅಣ್ಣ ಅವ್ರಿಗೆಲ್ಲ ಮಾಡಿದ್ನಲ್ದಾ? ಕೊಟ್ಟದ್ದ್ ತಿರ್ಗಿ ಬಂತ್. ಹೆಣ್ಣಿನ್ ಫೀಸ್ ಯಾರ್ ಕಟ್ಟುದ್?”

“ರಿಕ್ಷಾ ಯಾರ್ ದುಡ್ಡ್ ರಾಘು?”

“ಅದೆಂತಕ್ ಈಗ್ಳ್?”

“ಫೀಸಿಗ್ ನೀ ಅರ್ಧ ಹಾಕ್. ಅರ್ಧ ನಾ ಹಾಕ್ತೆ.”

“ನೀವ್ ಎಲ್ಲಿಂದ?”

“ಗೇರ್ಬೀಜದ್ ಕಾರ್ಖಾನಿಯಂಗೆ ಜನ ಬೇಕಂಬ್ರ್.”

ಸ್ಲ್ಯಾಬಿನ ಮನೆಯ ಸೊಸೆ ಗೇರುಬೀಜ ಒಡೆಯಲು ಹೋಗುವುದೇ ಎಂದು ಸುಂದರಿ ಅಡ್ಡ ಬರುವರೆಂದು ರಾಘವೇಂದ್ರ ತಾಯಿಯ ಮುಖ ನೋಡಿದ. ಸುಂದರಿ ಹೇಳಿದ್ದು ಬೇರೆ. “ಕೈಗ್ ಎಣ್ಣಿ ಹಚ್ಕಂಡ್ ಹೋಗ್ ಲತಾ. ಸೊನಿ ಸುಡತ್ತ್.”

ನವೆಂಬರಿಡೀ ಅವಳು ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ಹೋದಳು, ಸಂಜೆ ಕಪ್ಪಾದ ಬೆರಳುಗಳೊಂದಿಗೆ ಬಂದಳು. ಮನೆಯಲ್ಲಿ ಮೀನು ವಾರಕ್ಕೊಂದು ದಿನವಾಯಿತು. ಉಳಿದ ದಿನ ಬಸಳೆ, ನುಗ್ಗೆ ಸೊಪ್ಪು. ನಿಖಿತಾ ಶಾಲೆಯಿಂದ ಬಂದು ದನ ಕಟ್ಟಿ, ಅನ್ನಕ್ಕಿಡುವುದನ್ನು ಕಲಿತಳು. ಹೆದರಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಪ್ರತಿ ಶುಕ್ರವಾರ ಗಣಪ ಮಾತಾಡುತ್ತಿದ್ದ, ಇಲ್ಲವೇ ಐತ. ಸುಧಾಕರ ಮಲಗಿದ್ದಾನೆ, ಸ್ನಾನಕ್ಕೆ ಹೋಗಿದ್ದಾನೆ, ಸಾಲಿನಲ್ಲಿದ್ದಾನೆ. ಒಮ್ಮೆ ಸ್ವರ್ಣಲತಾ ಪಟ್ಟು ಹಿಡಿದಳು.

“ಹಿಂದಿನ್ ಸಲ ಬಂದಾಗ ಬೆಲ್ಲದ್ ವಿಷ್ಯದಂಗೆ ಅಬ್ಬಿ ಹತ್ರ ಎಂತ ಹೇಳಿರ್ ಅಂದೇಳಿ ಅವ್ರನ್ನ್ ಕೇಣಿ. ಮುಂದಿನ್ ವಾರ ನಂಗ್ ಹೇಳಿ.”

ಮುಂದಿನ ವಾರ ಗಣಪ ಹೇಳಿದ. “ಸಪೂರ ಆಯಿ ಬತ್ತೆ ಅಂದಿದ್ರಂಬ್ರ್.”

ಆ ದಿನ ಅವಳು ಎರಡು ಬಟ್ಟಲು ಗಂಜಿ ಉಂಡಳು. ಮರುದಿನ ಬೀಜ ಒಡೆಯುತ್ತ ಕೂತಾಗ ಸಂಶಯ ಮರಳಿ ಬಂತು. ಒಂದೇ ಕೋಣೆಯಲ್ಲಿ ಹನ್ನೆರಡು ವರ್ಷ ಮಲಗಿದವರು. ಅವನು ಹೇಳದ ಮಾತು, ಅವರು ಕೇಳದ ಮಾತು ಯಾವುದು ಉಳಿದಿರುತ್ತದೆ?

ಡಿಸೆಂಬರಿನ ಮೊದಲ ವಾರ ಫೋನು ಬಂತು. “ಬುಧವಾರ ಕಳ್ಸ್ತ್ರ್ ಅತ್ತಿಗೆ. ಮುಂಬಯಿಗೆ. ಅಲ್ಲಿಂದ ರೈಲಂಗೆ ಶುಕ್ರವಾರ ಬೆಳಿಗ್ಗೆ ಕುಂದಾಪ್ರ.”

ಕಳಿಸುತ್ತಾರೆ. ಬದುಕಿದ ಮನುಷ್ಯ ತಾನೇ ಬರುತ್ತಾನೆ, ಕಳಿಸುವುದು ಪೆಟ್ಟಿಗೆಯನ್ನು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಶುಕ್ರವಾರ ಸ್ಟೇಷನ್ನಿಗೆ ಹೊರಟಾಗ ಸುಂದರಿಯವರೂ ಕೈಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದುದನ್ನು ಕಂಡಳು. ಹೆಣಕ್ಕೆ ಹೊದಿಸುವ ಹೊಸ ಬಿಳಿ ಬಟ್ಟೆಯೋ ಎಂದು ಬಗ್ಗಿದಳು. ನೋಡಿದರೆ ಮುಡಿಪಿನ ಗಂಟು.

ರೈಲು ನಿಂತಿತು. ಸ್ವರ್ಣಲತಾಳ ಕಣ್ಣು ಮೊದಲು ಹೋದದ್ದು ಹಿಂದಿನ ಸಾಮಾನು ಡಬ್ಬಿಯ ಕಡೆಗೆ. ಅದರ ಬಾಗಿಲು ತೆರೆಯಲಿಲ್ಲ. ಜನ ಇಳಿದರು, ಚದುರಿದರು. ಕೈಯಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಚೀಲ ಹಿಡಿದ, ಅಂಗಿ ಬೇರೆಯವರದ್ದೆಂಬಂತೆ ತೊಟ್ಟ ಒಬ್ಬ ಮುದುಕ ತೂಕದ ಮೆಷಿನ್ನಿನ ಪಕ್ಕ ನಿಂತಿದ್ದ. ಸುಂದರಿ ಅವನನ್ನು ದಾಟಿ, ಮಗನನ್ನು ಹುಡುಕುತ್ತ ನಾಲ್ಕು ಹೆಜ್ಜೆ ಮುಂದೆ ಹೋದರು.

“ಅಮ್ಮ” ಎಂದ ಆ ಮುದುಕ.

ಸುಂದರಿ ತಿರುಗಿದರು. ಸ್ವರ್ಣಲತಾ ಮುಂದೆ ಬಂದು ಅವನ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿದಳು.

“ಸಪೂರ ಆಯಿ ಬತ್ತೆ ಅಂದಿದ್ದೆ ಅಲ್ದಾ” ಎಂದ ಸುಧಾಕರ. ನಗಲು ನೋಡಿದ, ಆಗಲಿಲ್ಲ. ಅವನ ಕಣ್ಣು ಹೆಂಡತಿಯ ಕಪ್ಪು ಬೆರಳುಗಳ ಮೇಲೆ ನಿಂತಿತು. “ನಿನ್ ಕೈಗ್ ಎಂತ ಆಯ್ತ್?”

“ನನ್ ಕೈ ಇರ್ಲಿ. ಮೊದ್ಲ್ ಮನಿಗ್ ಬನ್ನಿ, ಗಂಜಿ ಉಣ್ಣಿ.”

ಒಂಬತ್ತು ದಿನ ಅವನು ಗಂಜಿ, ಮಜ್ಜಿಗೆ, ಎಳನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ರಾತ್ರಿ ಬಾಗಿಲು ಬಡಿದ ಸದ್ದಾದರೆ ಎದ್ದು ಕೂರುತ್ತಿದ್ದ, ಪೊಲೀಸರೆಂದು. ಮಗಳು ಹತ್ತಿರ ಸುಳಿದರೆ ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಹದಿಮೂರರ ಹುಡುಗಿ ಬಾಗಿಲ ಸಂದಿಯಿಂದಲೇ ಅಪ್ಪನನ್ನು ನೋಡಿ ನೋಡಿ ಹೋಗುತ್ತಿದ್ದಳು. ಹತ್ತನೆಯ ದಿನ ಸುಂದರಿ, “ಇನ್ ಒಂದ್ ದಿನವೂ ನಿಲ್ಲುಕಿಲ್ಲೆ” ಎಂದರು. ರಾಘವೇಂದ್ರ ಬೆಲ್ಲವನ್ನು ರಿಕ್ಷಾಕ್ಕೆ ಏರಿಸಿದ. ಸ್ವರ್ಣಲತಾ ತನ್ನದೊಂದು ಚೀಲವನ್ನೂ ಇಟ್ಟಳು. ಕಾರ್ಖಾನೆಯ ಸಂಬಳದಲ್ಲಿ ತಂದ ಬೆಲ್ಲ; ಕಿಲೋ ಒಂದರಂತೆ ಏಳು ಕಟ್ಟು. ರೂಮಿನ ಏಳು ಜನರ ಏಳು ಮನೆಗಳಿಗೆ, ದೇವರಿಗೆ ತೋರಿಸಿ ಪ್ರಸಾದವಾಗಿ ಒಯ್ದು ಕೊಡಲೆಂದು.

ಆನೆಗುಡ್ಡೆಯಲ್ಲಿ ತುಲಾಭಾರದ ತಕ್ಕಡಿಗೆ ಹೂ ಸುತ್ತಿದ್ದರು. ಒಂದು ತಟ್ಟೆಗೆ ಚೀಟಿಯ ಲೆಕ್ಕದ ಎಂಬತ್ತೆರಡು ಕಿಲೋ ಬೆಲ್ಲ ತುಂಬಿದರು. ಸುಧಾಕರ ಇನ್ನೊಂದರಲ್ಲಿ ಕಾಲು ಮಡಚಿ ಕೂತ. ಸರಪಳಿ ಅಲುಗಿತಷ್ಟೇ, ಬೆಲ್ಲದ ತಟ್ಟೆ ನೆಲ ಬಿಡಲಿಲ್ಲ. ಅವನು ಮೇಲೆ, ಗಾಳಿಯಲ್ಲಿ, ಖಾಲಿ ಬುಟ್ಟಿಯಂತೆ ತೂಗಿದ.

“ಬೆಲ್ಲ ಕಮ್ಮಿ ಮಾಡಿ ಅಮ್ಮ” ಎಂದರು ಭಟ್ಟರು. “ಇಪ್ಪತ್ತೈದ್ ಕಿಲೋಕ್ಕಿಂತ ಹೆಚ್ಚಿತ್ತ್.”

ಸುಂದರಿ ತಟ್ಟೆಗೆ ಅಡ್ಡ ನಿಂತರು. “ಅವ್ನ್ ಹೆಸ್ರಂಗೆ ದೇವ್ರಿಗಿಟ್ಟದ್ದ್. ಅದ್ರಂಗೆ ಬೇರೆ ಮಕ್ಕಳ ಬೆವ್ರೂ ಇತ್ತ್. ತೆಗುಕ್ ನಾ ಬಿಡುದಿಲ್ಲೆ ಭಟ್ರೆ.”

“ಹಾಂಗಾರೆ ಈಚಿ ಬದಿಗ್ ಭಾರ ಹಾಕಿ. ಮಗಳನ್ನ್ ಕೂರ್ಸ್ಲಕ್ಕ್.”

“ನಾನಾ? ನಂಗ್ ನಾಚ್ಕಿ ಆತ್ತ್” ಎಂದು ನಿಖಿತಾ ಕಂಬದ ಹಿಂದೆ ಸರಿದಳು. ಸ್ವರ್ಣಲತಾ ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಂದಳು. ಹುಡುಗಿ ಚಪ್ಪಲಿಯಿಲ್ಲದ ಕಾಲನ್ನು ಹೆದರುತ್ತ ಎತ್ತಿಟ್ಟು, ಅಪ್ಪನ ಮಡಿಲಲ್ಲಿ ಕೂತಳು. ಎತ್ತಿಕೊಳ್ಳುವ ವಯಸ್ಸಿನಲ್ಲಿ ಅವಳು ಆ ಮಡಿಲಲ್ಲಿ ಕೂತದ್ದು ಎಷ್ಟು ದಿನವೆಂದು ಎಣಿಸಿದರೆ ಕೈಬೆರಳಿಗೆ ಮುಗಿಯುತ್ತಿತ್ತು.

“ಅಪ್ಪ, ನಿಮ್ ಮೂಳಿ ಚುಚ್ಚತ್ತ್.”

“ಸುಮ್ನ್ ಕೂಕೊ. ನೀ ಎಂತ, ಕಲ್ಲ್ ಉಂತ್ಯಾ?” ಎಂದ ಸುಧಾಕರ. ಬಂದ ಮೇಲೆ ಅವನು ಮಗಳಿಗೆ ‘ನೀ’ ಎಂದದ್ದು ಅದೇ ಮೊದಲು. ಅವನ ಎರಡು ಕೈಗಳೂ ಅವಳ ಸುತ್ತ ಬಂದವು, ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು, ಆಮೇಲೆ ಬಿಗಿಯಾದವು.

ತಟ್ಟೆ ಇಳಿಯಿತು. ಇಳಿದು, ಮಟ್ಟ ದಾಟಿ, ಅವರ ಬದಿಯೇ ನೆಲಕ್ಕೆ ತಾಗಿತು. ಸುತ್ತ ನಿಂತವರು ನಕ್ಕರು. ರಾಘವೇಂದ್ರ, “ಕಾಣಿ ಅತ್ತಿಗೆ, ನಿಮ್ ಬಸಳಿ ಸಾರಿನ್ ತೂಕ” ಎಂದ.

“ಈಗ್ಳ್ ಬೆಲ್ಲ ಸಾಲುದಿಲ್ಲೆ” ಎಂದರು ಭಟ್ಟರು.

ಸ್ವರ್ಣಲತಾ ಚೀಲ ಬಿಚ್ಚಿದಳು. ಬೈಂದೂರಿನ ಗಣಪನ ಮನೆಯ ಕಟ್ಟು ಇಟ್ಟಳು. ಬ್ರಹ್ಮಾವರದ ಐತನ ಮನೆಯದು ಇಟ್ಟಳು. ಮನೀಶನದು, ಮತ್ತೆ ಹೆಸರು ಮಾತ್ರ ಗೊತ್ತಿದ್ದ ನಾಲ್ವರದು. ಏಳನೆಯ ಕಟ್ಟು ಇಟ್ಟು ಕೈ ತೆಗೆದಾಗ ತಕ್ಕಡಿ ಒಮ್ಮೆ ನರಳಿತು. ಎರಡು ತಟ್ಟೆಗಳೂ ನೆಲ ಬಿಟ್ಟು, ಒಂದೇ ಎತ್ತರದಲ್ಲಿ, ಸಣ್ಣಗೆ ತೂಗುತ್ತ ನಿಂತವು. ಒಳಗೆ ಗಂಟೆ ಬಾರಿಸಿದರು.

ಸುಂದರಿ ಮುಡಿಪಿನ ಗಂಟನ್ನು ಬಿಚ್ಚಲು ನೋಡಿದರು. ಹನ್ನೆರಡು ವರ್ಷದ ಗಂಟು, ಮುದಿ ಬೆರಳಿಗೆ ಜಗ್ಗಲಿಲ್ಲ. “ಕೊಡಿ ಅತ್ತೆ” ಎಂದು ಸ್ವರ್ಣಲತಾ ಕಪ್ಪಾದ ಉಗುರಿನಿಂದ ಎಳೆಎಳೆಯಾಗಿ ಬಿಡಿಸಿ, ಒಳಗಿನ ರೂಪಾಯಿಯನ್ನು ಅವರ ಅಂಗೈಯಲ್ಲಿಟ್ಟಳು. ಸುಂದರಿ ಅದನ್ನು ಹುಂಡಿಗೆ ಹಾಕಿ, ತಳ ಮುಟ್ಟಿದ ಸದ್ದು ಕೇಳಿಸುವವರೆಗೆ ಕಿವಿಗೊಟ್ಟು ನಿಂತರು.